ಮುತ್ತಾತನ ಹೆಸರಿಗೆ ಯಾವ ದಾಖಲೆ ಗಟ್ಟಿ? ಮೈಸೂರು–ಮಂಡ್ಯ ಕಡೆಯವರಿಗೆ ಒಂದು ಹೋಲಿಕೆ

ವಂಶವೃಕ್ಷ ಬರೆಯಲು ಕೂತವರು ಈಚೆಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಯಾವುದೋ ವಿದೇಶಿ ಜಾಲತಾಣದಲ್ಲಿ ನಮ್ಮ ಮನೆತನದ ಮರ ಹಾಕಿದ್ದಾರೆ. ಸರ್ಕಾರದ ಭೂಮಿ ಜಾಲತಾಣದಲ್ಲಿ ಜಮೀನಿನ ಪಹಣಿ ಸಿಗುತ್ತದೆ. ನಾಡಕಚೇರಿಯ ವಂಶವೃಕ್ಷ ಪತ್ರ ಬೀರುವಿನಲ್ಲಿದೆ. ದೊಡ್ಡಪ್ಪ ಹೇಳೋದು ಇವೆಲ್ಲಕ್ಕಿಂತ ಬೇರೆ. ವಾಟ್ಸಾಪ್ ಗುಂಪಿಗೆ ಬಂದ ಪಿಡಿಎಫ್ ಪ್ರಕಾರ ನಾವೆಲ್ಲ ವಿಜಯನಗರದಿಂದ ಬಂದವರು. ಯಾವುದನ್ನು ನಂಬೋದು? ದುಡ್ಡು ಕಟ್ಟಿ ಸದಸ್ಯರಾಗಬೇಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲದಕ್ಕೂ ನಂಬಬಹುದಾದ ದಾಖಲೆ ಅಂತ ಒಂದಿಲ್ಲ. ಯಾವ ಕೆಲಸಕ್ಕೆ ಬರೆದರೋ ಆ ಕೆಲಸದ ಮಟ್ಟಿಗೆ ಅದು ಗಟ್ಟಿ. ಪಹಣಿ ಕಂದಾಯದ ಸಲುವಾಗಿ ಹುಟ್ಟಿದ್ದು. ಜಮೀನು ಯಾರ ಹೆಸರಲ್ಲಿತ್ತು ಅಂತ ಅದು ಹೇಳುತ್ತದೆ. ಆ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದರು ಅಂತ ಕೇಳಿದರೆ ಅದರ ಬಳಿ ಉತ್ತರವಿಲ್ಲ. ಹೀಗಾಗಿ ಆಯ್ಕೆ ನಿಂತಿರುವುದು ನಿಮ್ಮ ಪ್ರಶ್ನೆಯ ಮೇಲೆ.

ಅಳೆಯೋದು ಹೇಗೆ

ಯಾವ ದಾಖಲೆ ಎದುರಿಗೆ ಬಂದರೂ ನಾನು ನೋಡುವುದು ಇವು.

ಬರೆದವರು ಯಾರು, ಅವರಿಗೆ ವಿಷಯ ಗೊತ್ತಾದದ್ದು ಹೇಗೆ? ಸತ್ತ ವಾರದಲ್ಲೇ ಬರೆಸಿದ ಮರಣದ ತಾರೀಖಿಗೂ ಎಪ್ಪತ್ತು ವರ್ಷದ ಮೇಲೆ ಮೊಮ್ಮಗ ನೆನಪಿನಿಂದ ಹೇಳಿದ ತಾರೀಖಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಬರೆಸಿದ್ದರಲ್ಲಿ ಯಾರಿಗೆ ಲಾಭ ಇತ್ತು? ಆಸ್ತಿ ಪಾಲಿನ ಹೊತ್ತಿನಲ್ಲಿ ಹುಟ್ಟಿದ ಕಾಗದದಲ್ಲಿ ಕೆಲವರು ಸುಮ್ನೆ ಮಾಯವಾಗುತ್ತಾರೆ.

ಇದು ಮೂಲವೋ ನಕಲೋ? ಕೈಬರಹದ ಪುಸ್ತಕ ಮೂಲ. ಅದನ್ನು ನೋಡಿ ಟೈಪ್ ಮಾಡಿದ್ದು ನಕಲು. ಆ ನಕಲನ್ನು ನೋಡಿ ಯಾರೋ ಜಾಲತಾಣಕ್ಕೆ ಹಾಕಿದ್ದು ನಕಲಿನ ನಕಲು. ಒಂದೊಂದು ಮೆಟ್ಟಿಲಿಗೂ ಒಂದೊಂದು ತಪ್ಪು ಸೇರಿಕೊಳ್ಳಬಹುದು.

ಇವರು ನಮ್ಮವರೇ ಅಂತ ಹೇಳುವಷ್ಟು ವಿವರ ಇದೆಯಾ? ನಮ್ಮ ಕಡೆ ಇದೇ ದೊಡ್ಡ ತೊಡಕು. ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ನಿಂಗೇಗೌಡನ ಮಗ ಕಾಳೇಗೌಡ, ಅವನ ಮಗ ಮತ್ತೆ ನಿಂಗೇಗೌಡ. ಒಂದೇ ಊರಲ್ಲಿ ಒಂದೇ ಕಾಲಕ್ಕೆ ನಾಲ್ಕು ಜನ ನಿಂಗೇಗೌಡರು ಇದ್ದರೂ ಆಶ್ಚರ್ಯವಿಲ್ಲ. ಊರು, ತಂದೆ ಹೆಸರು, ಸರ್ವೆ ನಂಬರು, ಈ ಮೂರೂ ಇಲ್ಲದ ಬರೀ ಹೆಸರಿಗೆ ಬೆಲೆ ಇಲ್ಲ.

ಕೊನೆಯದು, ಇನ್ನೊಬ್ಬರು ಹೋಗಿ ಅದೇ ಪುಟ ನೋಡಬಹುದಾ? ಇದರ ಜೊತೆಗೆ ಖರ್ಚು ಮತ್ತು ಓಡಾಟ.

ಪಹಣಿ ಮತ್ತು ಮ್ಯುಟೇಶನ್

ಜಮೀನು ಇದ್ದ ಮನೆತನವಾದರೆ ಶುರು ಮಾಡಬೇಕಾದದ್ದು ಇಲ್ಲಿಂದ. ಈ ಭಾಗಕ್ಕೆ ಸಮಯ ಕೊಡಿ. ಮೈಸೂರು, ಮಂಡ್ಯದ ಹಳ್ಳಿಗಳ ಬಹುಪಾಲು ಕುಟುಂಬಗಳಿಗೆ ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಭೂಮಿ ಯೋಜನೆಯಲ್ಲಿ 2000ದ ಸುಮಾರಿಗೆ ರಾಜ್ಯದ 67 ಲಕ್ಷದಷ್ಟು ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಏರಿದವು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಕೊಟ್ಟರೆ ಮನೆಯಲ್ಲೇ ಕೂತು ನೋಡಬಹುದು. ನೋಡುವುದಕ್ಕೆ ದುಡ್ಡಿಲ್ಲ. ಸರ್ವೆ ನಂಬರೇ ಗೊತ್ತಿಲ್ಲ ಅನ್ನುವವರು ದಿಶಾಂಕ್ ಆ್ಯಪ್ ಹಿಡಿದುಕೊಂಡು ಹೊಲದಲ್ಲಿ ನಿಂತರೆ ನಂಬರು ಸಿಗುತ್ತದೆ.

ಪಹಣಿಯ 9ನೇ ಕಲಂನಲ್ಲಿ ಜಮೀನು ಯಾರದು ಅಂತ ಇರುತ್ತದೆ. ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ವಂಶ ಹುಡುಕುವವರಿಗೆ ಬೇಕಾದದ್ದು ಪಕ್ಕದ 10ನೇ ಕಲಂ. ಜಮೀನು ಹೇಗೆ ಬಂತು ಅನ್ನುವುದು ಅಲ್ಲಿದೆ: ಪೌತಿ (ಸತ್ತವರಿಂದ ವಾರಸುದಾರರಿಗೆ), ವಿಭಾಗ, ಕ್ರಯ, ದಾನ. ಜೊತೆಗೆ ಎಂ.ಆರ್. ನಂಬರು, ಅಂದರೆ ಮ್ಯುಟೇಶನ್ (ಖಾತೆ ಬದಲಾವಣೆ) ಪುಸ್ತಕದ ನಂಬರು. ಆ ನಂಬರು ಹಿಡಿದು ಮ್ಯುಟೇಶನ್ ಪ್ರತಿ ತೆಗೆಸಿದರೆ ತಂದೆ ಯಾರು, ಅಣ್ಣತಮ್ಮಂದಿರು ಯಾರು, ಯಾವ ವರ್ಷ ಭಾಗವಾದರು ಅನ್ನುವುದು ಒಂದೇ ಹಾಳೆಯಲ್ಲಿ ಸಿಗಬಹುದು. ಹೆಸರಿನ ಮಧ್ಯೆ 'ಬಿನ್' ಅಂತಿದ್ದರೆ ಮಗ, 'ಕೋಂ' ಅಂತಿದ್ದರೆ ಹೆಂಡತಿ.

ಪೋಡಿಯೂ ಒಂದು ಸುಳಿವು. ಹಿಂದೆ ಒಂದೇ ಆಗಿದ್ದ ಸರ್ವೆ ನಂಬರು ಈಗ 45/1, 45/2, 45/3 ಅಂತ ಒಡೆದಿದೆ ಅಂದುಕೊಳ್ಳಿ. ಮೂರರಲ್ಲೂ 'ಬಿನ್ ಕಾಳೇಗೌಡ' ಅಂತಿದ್ದರೆ ಮೂವರು ಅಣ್ಣತಮ್ಮಂದಿರು ಇರಬಹುದು. ಇರಬಹುದು ಅಷ್ಟೆ. ವಿಭಾಗದ ಮ್ಯುಟೇಶನ್ ಕಣ್ಣಿಗೆ ಬಿದ್ದ ಮೇಲೆ ಮಾತ್ರ ಹೌದು ಅನ್ನಿ.

ಇನ್ನು ಇದರ ಕೊರತೆಗಳು. ಪಹಣಿಯಲ್ಲಿ ಹೆಸರಿದೆ ಅಂದರೆ ಆ ವರ್ಷ ಆ ಮನುಷ್ಯ ಬದುಕಿದ್ದ ಅಂತ ಅಲ್ಲ. ಪೌತಿ ಖಾತೆ ಮಾಡಿಸದೆ ತಾತ, ಮುತ್ತಾತನ ಹೆಸರಲ್ಲೇ ಬಿಟ್ಟಿರುವ ಜಮೀನು ನಮ್ಮಲ್ಲಿ ಊರೂರಿಗೂ ಇದೆ. ಪಹಣಿ ನೋಡಿ '2001ರಲ್ಲಿ ಜೀವಂತ' ಅಂತ ಬರೆದರೆ ಮುತ್ತಾತನಿಗೆ ನೂರಿಪ್ಪತ್ತು ವರ್ಷ ಆಯಸ್ಸು ಕೊಟ್ಟಂತಾಗುತ್ತದೆ.

ಹೆಸರು ಬದಲಾದಾಗಲೆಲ್ಲ ಅಪ್ಪನಿಂದ ಮಗನಿಗೆ ಬಂತು ಅಂತಲೂ ಅಂದುಕೊಳ್ಳಬೇಡಿ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರಿಗೆ ಜಮೀನು ಮಂಜೂರಾಯಿತು. ಆಗ ಹಳೇ ಹೆಸರಿಗೂ ಹೊಸ ಹೆಸರಿಗೂ ರಕ್ತಸಂಬಂಧ ಇರಬೇಕಾಗಿಲ್ಲ. ಅದಕ್ಕೂ ಮೊದಲು ಇನಾಂ ರದ್ದತಿ ಕಾಯ್ದೆಗಳಿಂದಲೂ ಹೀಗೇ ಆಗಿದೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಹಳೇ ಕಂದಾಯ ದಾಖಲೆ ತೀರಾ ಬಡವಾಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕರ್ನಾಟಕ ಕಾಯ್ದೆ ತಿದ್ದಿದ್ದು 1994ರಲ್ಲಿ. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಅದಕ್ಕಿಂತ ಹಿಂದಿನ ವಿಭಾಗಗಳಲ್ಲಿ ಸೋದರತ್ತೆಯರ ಹೆಸರು ಕಾಣದಿದ್ದರೆ ಅವರು ಇರಲಿಲ್ಲ ಅಂತ ತಿಳಿಯಬೇಡಿ.

ಮತ್ತೆ, ಪರದೆಯ ಮೇಲೆ ಕಾಣುವುದು ಟೈಪ್ ಮಾಡಿದ ನಕಲು. ಸಿದ್ದೇಗೌಡ, ಸಿದ್ಧೇಗೌಡ, ಸಿದ್ದಗೌಡ ಮೂವರೂ ಒಬ್ಬರೇ ಇರಬಹುದು. ಅನುಮಾನ ಬಂದಾಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ಪಹಣಿಯ ದೃಢೀಕೃತ ನಕಲು ಪಡೆಯಿರಿ. ಅರ್ಜಿಯ ಶುಲ್ಕ ಜಾಸ್ತಿ ಇಲ್ಲ. ಓಡಾಟ ಇದೆ.

ನಾಡಕಚೇರಿಯ ವಂಶವೃಕ್ಷ ಪತ್ರ

ಮೊಹರು ಇದೆ, ಸಹಿ ಇದೆ, ಹೆಸರೇ ವಂಶವೃಕ್ಷ. ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಅದರೊಳಗಿನ ವಿವರ ಕೊಟ್ಟವರು ಅರ್ಜಿದಾರರೇ. ಪ್ರಮಾಣಪತ್ರ ಕೊಟ್ಟು, ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಊರಲ್ಲಿ ವಿಚಾರಿಸಿ, ಆಮೇಲೆ ಹುಟ್ಟುವ ಕಾಗದ ಇದು. ಪೌತಿ ಖಾತೆ, ಪರಿಹಾರ, ಬ್ಯಾಂಕ್ ಕೆಲಸಕ್ಕೆ ಬೇಕಾಗುವುದು. ಈಚಿನ ಎರಡು ಮೂರು ತಲೆಮಾರಿನ ವಾರಸುದಾರರ ಮಟ್ಟಿಗೆ ಒಳ್ಳೆಯದೇ. ಅದರ ಮೇಲಿನ ಸಾಲಿನಲ್ಲಿ ಮುತ್ತಾತನ ಅಪ್ಪನ ಹೆಸರಿದ್ದರೆ ಅದು ಮನೆಯವರ ನೆನಪೇ ಹೊರತು ಕಚೇರಿಯ ಶೋಧ ಅಲ್ಲ. ಉಲ್ಲೇಖಿಸುವಾಗ ಅರ್ಜಿ ಕೊಟ್ಟವರು ಯಾರು, ಯಾವ ಉದ್ದೇಶಕ್ಕೆ ಅನ್ನುವುದನ್ನೂ ಬರೆಯಿರಿ.

ಹುಟ್ಟು, ಸಾವು, ಶಾಲೆ, ಮತದಾರರ ಪಟ್ಟಿ

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೂ ಮೊದಲಿನ ಹಳ್ಳಿ ರಿಜಿಸ್ಟರುಗಳು ಉಳಿದಿರುವ ಕಡೆಯೂ ಮಗುವಿನ ಹೆಸರು ಇಲ್ಲದಿರುವುದು ಸಾಮಾನ್ಯ. 'ಗಂಡು ಮಗು', ತಂದೆ ಹೆಸರು, ತಾರೀಖು, ಅಷ್ಟೇ. ಆದರೂ ಆ ತಾರೀಖು ಗಟ್ಟಿ. ಆಗಲೇ ಬರೆದದ್ದು, ಸುಳ್ಳು ಬರೆಸಿ ಯಾರಿಗೂ ಆಗಬೇಕಾದದ್ದು ಏನೂ ಇರಲಿಲ್ಲ.

ಶಾಲೆಯ ದಾಖಲೆ ಇದಕ್ಕೆ ತದ್ವಿರುದ್ಧ. ಹಿಂದೆ ಮೇಷ್ಟ್ರು ಸೇರಿಸಿಕೊಳ್ಳುವಾಗ ವಯಸ್ಸು ಸರಿಹೊಂದುವಂತೆ ಒಂದು ತಾರೀಖು ಹಾಕಿಬಿಡುತ್ತಿದ್ದರು. ನಮ್ಮ ಹಿರಿಯರಲ್ಲಿ ಅಷ್ಟೊಂದು ಜನ ಜೂನ್ ತಿಂಗಳಲ್ಲೇ ಹುಟ್ಟಿದ್ದು ಹಾಗೆ. ತಂದೆಯ ಹೆಸರಿಗೆ, ಊರಿಗೆ ಶಾಲೆ ದಾಖಲೆ ನಂಬಿ. ಹುಟ್ಟಿದ ದಿನಕ್ಕೆ ಬೇಡ.

ಮತದಾರರ ಪಟ್ಟಿಯನ್ನು ಯಾಕೋ ಯಾರೂ ಗಮನಿಸುವುದಿಲ್ಲ. ಕರ್ನಾಟಕದ 2002ರ ಪಟ್ಟಿ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಮನೆ ನಂಬರಿನ ಪ್ರಕಾರ ಓದಿದರೆ ಆಗ ಒಂದೇ ಸೂರಿನಡಿ ಯಾರ್ಯಾರು ಇದ್ದರು ಅನ್ನುವುದು ತಿಳಿಯುತ್ತದೆ. ಪಹಣಿಯಲ್ಲಿ ಕಾಣದ ಅಜ್ಜಿಯರು, ಸೊಸೆಯರು ಇಲ್ಲಿ ಇರುತ್ತಾರೆ. ವಯಸ್ಸು ಮಾತ್ರ ಬಾಯಲ್ಲಿ ಹೇಳಿದ್ದು, ಹೆಚ್ಚುಕಮ್ಮಿ ಇರುತ್ತದೆ. ಜನಗಣತಿಯ ಮನೆಮನೆಯ ಹಾಳೆ ಸಿಗುತ್ತದಾ ಅಂತ ಕೇಳುವವರಿಗೆ: ಇಲ್ಲ. ಬ್ರಿಟನ್, ಅಮೆರಿಕದಲ್ಲಿ ಹಳೆಯವು ತೆರೆದಿವೆ. ಭಾರತದಲ್ಲಿ ಒಬ್ಬೊಬ್ಬರ ವಿವರ ಕಾನೂನಿನ ಪ್ರಕಾರ ಗುಟ್ಟು.

ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳಿವೆ. ಶ್ರೀರಂಗಪಟ್ಟಣದ ಗಂಜಾಂ ಥರ ಹಳೇ ಚರ್ಚು ಇರುವ ಊರಿನವರು ಮೊದಲು ಅಲ್ಲಿಗೇ ಹೋಗಬೇಕು. ಮುಸ್ಲಿಂ ಕುಟುಂಬಗಳಿಗೆ ಖಾಜಿಯವರ ಬಳಿಯ ನಿಕಾಹ್ ಪುಸ್ತಕ ಇದೆ. ಇವು ಜಾಲತಾಣದಲ್ಲಿ ಸಿಗುವುದು ಕಡಿಮೆ, ಕೇಳಿಕೊಂಡು ಹೋಗಿ ನೋಡಬೇಕು.

ವಿದೇಶಿ ವಂಶವೃಕ್ಷ ಜಾಲತಾಣಗಳು

ಫ್ಯಾಮಿಲಿಸರ್ಚ್ ಪುಕ್ಕಟೆ. ಆನ್ಸೆಸ್ಟ್ರಿ, ಮೈಹೆರಿಟೇಜ್‌ನಲ್ಲಿ ಪೂರ್ತಿ ನೋಡಲು ಚಂದಾ ಕಟ್ಟಬೇಕು. ಜೆನಿ ಈಗ ಮೈಹೆರಿಟೇಜ್‌ಗೆ ಸೇರಿದ್ದು. ವಿಕಿಟ್ರೀ ಪುಕ್ಕಟೆ, ಪ್ರತಿ ಮಾಹಿತಿಗೂ ಮೂಲ ಕೊಡಿ ಅಂತ ಪೀಡಿಸುತ್ತದೆ. ಆ ಪೀಡೆ ನನಗೆ ಇಷ್ಟ.

ಇವುಗಳಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ದಾಖಲೆಗಳ ಚಿತ್ರ. ಇನ್ನೊಂದು, ಸದಸ್ಯರು ಕಟ್ಟಿದ ಮರ. ಮೊದಲನೆಯದು ಸಾಕ್ಷಿ. ಎರಡನೆಯದು ಯಾರೋ ಹೇಳಿದ ಮಾತು. ಫ್ಯಾಮಿಲಿಸರ್ಚ್‌ನ ಮರವನ್ನು ಯಾರು ಬೇಕಾದರೂ ತಿದ್ದಬಹುದು. ಇವತ್ತು ನೋಡಿದ ಮುತ್ತಾತ ನಾಳೆ ಬೇರೆ ಕೊಂಬೆಯಲ್ಲಿ ಕೂತಿರಬಹುದು.

ನಮ್ಮ ಕಡೆಯ ದಾಖಲೆಗಳು ಅಲ್ಲಿ ತೀರಾ ಕಡಿಮೆ. ಫ್ಯಾಮಿಲಿಸರ್ಚ್‌ನಲ್ಲಿ ಹಿಂದೂ ಯಾತ್ರಿಕರ ದಾಖಲೆಗಳ ಸಂಗ್ರಹ ಇದೆ. ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳ (ಅಲ್ಲಿನ ಪುರೋಹಿತರ) ಬಹಿಗಳ, ಅಂದರೆ ವಂಶಾವಳಿ ಪುಸ್ತಕಗಳ ಚಿತ್ರಗಳು ಅದರಲ್ಲಿವೆ. ಉತ್ತರದ ಕುಟುಂಬಗಳಿಗೆ ಅದು ಚಿನ್ನದ ಗಣಿ. ಮದ್ದೂರಿನ ರೈತ ಮನೆತನ ಅಲ್ಲಿ ಸಿಕ್ಕರೆ ಅದೃಷ್ಟ ಅನ್ನಬೇಕು. ಚಂದಾ ಕಟ್ಟಿಸಿಕೊಳ್ಳುವ ಜಾಲತಾಣಗಳ ಬಲ ಇರುವುದು ಅಮೆರಿಕ, ಇಂಗ್ಲೆಂಡ್‌ನ ದಾಖಲೆಗಳಲ್ಲಿ. ಮನೆಯವರು ಯಾರಾದರೂ ಹೊರದೇಶಕ್ಕೆ ಹೋಗಿ ನೆಲೆಸಿದ್ದರೆ ಒಂದೆರಡು ತಿಂಗಳಿಗೆ ಕಟ್ಟಿ, ಬೇಕಾದದ್ದು ಇಳಿಸಿಕೊಂಡು ನಿಲ್ಲಿಸಿ. ಎಲ್ಲರೂ ಮಳವಳ್ಳಿ ತಾಲ್ಲೂಕಲ್ಲೇ ಹುಟ್ಟಿ ಬೆಳೆದವರಾದರೆ ಆ ದುಡ್ಡನ್ನು ಪಹಣಿ ನಕಲಿಗೆ ಇಟ್ಟುಕೊಳ್ಳಿ.

ಮರ ಬರೆದಿಡಲು ಈ ಜಾಲತಾಣಗಳು ಅನುಕೂಲವೇ. ಆದರೆ ಬದುಕಿರುವವರ ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಬ್ಯಾಂಕಿನವರು ಗುಟ್ಟಿನ ಪ್ರಶ್ನೆಯಾಗಿ ಕೇಳುವುದು ಇವನ್ನೇ.

ಹಳೇ ಪುಸ್ತಕಗಳ ಸ್ಕ್ಯಾನ್

ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಮೈಸೂರಿನ ಹಳೇ ಪುಸ್ತಕಗಳು ಧಾರಾಳವಾಗಿ ಸಿಗುತ್ತವೆ, ಪುಕ್ಕಟೆ. ಬುಕಾನನ್ 1800–01ರಲ್ಲಿ ಈ ಸೀಮೆಯಲ್ಲಿ ಓಡಾಡಿ ಬರೆದದ್ದು, ರೈಸ್ ಅವರ ಗ್ಯಾಸೆಟಿಯರ್ ಮತ್ತು ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾ, ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ ಬುಡಕಟ್ಟುಗಳ 4 ಸಂಪುಟ.

ಇವು ಊರಿಗೆ, ಕುಲಕ್ಕೆ, ಬೆಡಗಿಗೆ (ಕುಲದೊಳಗಿನ ಪಂಗಡಕ್ಕೆ) ಒಳ್ಳೆಯ ಮೂಲ. ನಿಮ್ಮ ಮನೆಗಲ್ಲ. ನಿಮ್ಮೂರ ವೀರಗಲ್ಲಿನಲ್ಲಿ ಒಬ್ಬ ಗೌಡನ ಹೆಸರಿದೆ ಅಂದಮಾತ್ರಕ್ಕೆ ಅವನು ನಿಮ್ಮ ಪೂರ್ವಿಕ ಆಗುವುದಿಲ್ಲ. ನಡುವೆ ಐನೂರು ವರ್ಷ ಇದೆ. ಅಷ್ಟರಲ್ಲಿ ಯುದ್ಧ ನಡೆದಿದೆ, ಬರ ಬಂದಿದೆ, ಜನ ಊರು ಬಿಟ್ಟು ಊರಿಗೆ ಹೋಗಿದ್ದಾರೆ. ವಾಟ್ಸಾಪ್ ಪಿಡಿಎಫ್‌ಗಳು ಜಿಗಿಯುವುದು ಸರಿಯಾಗಿ ಈ ಕಂದಕದ ಮೇಲಿಂದಲೇ. 'ಶಾಸನದಲ್ಲಿದೆ' ಅಂತ ಯಾರಾದರೂ ಅಂದರೆ ಯಾವ ಸಂಪುಟ, ಯಾವ ತಾಲ್ಲೂಕು, ಎಷ್ಟನೇ ನಂಬರು ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಅಲ್ಲಿಗೆ ಬಿಡಿ.

ನೀವೇ ಶಾಸನ ಉಲ್ಲೇಖಿಸುವಾಗ ಯಾವ ಆವೃತ್ತಿ ಅಂತ ಬರೆಯಲೇಬೇಕು. ರೈಸ್ ಅವರ ಹಳೇ ಸಂಪುಟಕ್ಕೂ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟಕ್ಕೂ ಶಾಸನದ ನಂಬರು ಬೇರೆ. ಸ್ಕ್ಯಾನ್ ಪ್ರತಿಯಾದರೆ ಜಾಲತಾಣದ ಶೀರ್ಷಿಕೆ ನೋಡಿ ಇಸವಿ ಬರೆಯಬೇಡಿ, ಎಷ್ಟೋ ಸಲ ಅದು ತಪ್ಪಿರುತ್ತದೆ. ಪುಸ್ತಕದ ಮುಖಪುಟವನ್ನೇ ತೆರೆದು ನೋಡಿ.

ವಿಕಿಪೀಡಿಯ ದಾರಿ ತೋರಿಸುತ್ತದೆ. ಲೇಖನದ ಅಡಿಯಲ್ಲಿ ಕೊಟ್ಟ ಪುಸ್ತಕ ತೆರೆದು ಓದಿ, ಆ ಪುಸ್ತಕದ ಹೆಸರು ಬರೆಯಿರಿ. ಎಐ ಚಾಟ್‌ಬಾಟ್‌ಗೂ ಇದೇ ಮಾತು, ಇನ್ನೂ ಬಿಗಿಯಾಗಿ. ಇಲ್ಲದ ಪುಸ್ತಕಕ್ಕೆ ಪುಟ ಸಂಖ್ಯೆ ಸಮೇತ ಉಲ್ಲೇಖ ಕಟ್ಟಿಕೊಡುವ ಗುಣ ಅದಕ್ಕಿದೆ. ಆ ಪುಟ ನಿಮ್ಮ ಕಣ್ಣಿಗೆ ಬೀಳುವ ತನಕ ಬರೆಯಬೇಡಿ.

ಹಿರಿಯರ ಮಾತು, ಹೆಳವರ ಮಾತು

ಅಜ್ಜಿ ಹೇಳಿದ್ದು ದಾಖಲೆ ಅಲ್ಲ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳು ಯಾವ ಊರಿಗೆ ಮದುವೆಯಾಗಿ ಹೋದರು, ಎಳವೆಯಲ್ಲೇ ತೀರಿಕೊಂಡ ಮಕ್ಕಳು ಯಾರು, ಮನೆದೇವರು ಯಾವುದು, ಮಾದಪ್ಪನ ಒಕ್ಕಲೋ ಸಿದ್ದಪ್ಪಾಜಿ ಒಕ್ಕಲೋ, ಇದೆಲ್ಲ ಇನ್ನೆಲ್ಲೂ ಬರೆದಿಲ್ಲ. ಅವರು ಕಣ್ಣಾರೆ ಕಂಡದ್ದು ಯಾವುದು, ಅವರ ಅತ್ತೆಯಿಂದ ಕೇಳಿದ್ದು ಯಾವುದು ಅಂತ ಬೇರೆ ಬೇರೆ ಬರೆದುಕೊಳ್ಳಿ ಸಾಕು. ಮೊದಲನೆಯದಕ್ಕೆ ತೂಕ ಜಾಸ್ತಿ.

ಇಸವಿ ಮಾತ್ರ ಎಚ್ಚರ. ಹಿರಿಯರು ಸಂವತ್ಸರದ ಹೆಸರು ಹೇಳುತ್ತಾರೆ, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 'ಧಾತು ಈಶ್ವರದ ಬರ' ಅಂದರೆ 1876–78ರ ಬರ. ಬರೀ 'ಧಾತು ಸಂವತ್ಸರದಲ್ಲಿ ಹುಟ್ಟಿದ್ದು' ಅಂದರೆ 1876–77 ಇರಬಹುದು, 1936–37 ಕೂಡ ಇರಬಹುದು. ಜೊತೆಗೆ ಇನ್ನೊಂದು ಗುರುತು ಕೇಳಿ: ಪ್ಲೇಗು ಬಂದಾಗಲೋ, ಕನ್ನಂಬಾಡಿ ಕಟ್ಟೆ ಕಟ್ಟುವಾಗಲೋ? ಮೈಸೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ.

ಹೆಳವರು ಮನೆತನಗಳ ವಂಶ ಹೇಳುವುದನ್ನೇ ಕಸುಬಾಗಿ ಉಳಿಸಿಕೊಂಡವರು. ಎತ್ತು ಕಟ್ಟಿಕೊಂಡು, ಗಂಟೆ ಬಾರಿಸುತ್ತಾ ಬಂದು, ಪುಸ್ತಕ ಬಿಚ್ಚಿ ಹೆಸರು ಹೇಳುತ್ತಿದ್ದರು. ನಿಮ್ಮ ಮನೆಗೆ ಇನ್ನೂ ಬರುವವರಿದ್ದರೆ ಬಿಡಬೇಡಿ. ದವಸ, ದುಡ್ಡು ಕೊಟ್ಟು, ಒಪ್ಪಿಗೆ ಕೇಳಿ, ಆ ಪುಟದ ಫೋಟೋ ತೆಗೆಯಿರಿ. ಅಪ್ಪ, ಮಗ, ಮೊಮ್ಮಗ ಅನ್ನುವ ಸಾಲು ಅವರಲ್ಲಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮೂಲ ಪುರುಷನ ಪರಾಕ್ರಮದ ಕಥೆ ಕೊಡುವ ಮನೆಯನ್ನು ಹೊಗಳಲು ಕಟ್ಟಿದ್ದೂ ಇರಬಹುದು. ಹೆಣ್ಣುಮಕ್ಕಳ ಹೆಸರು ಅಲ್ಲೂ ಕಡಿಮೆ.

ಒಂದಕ್ಕೊಂದು ತಾಳೆಯಾಗದಿದ್ದರೆ?

ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಮುತ್ತಾತ ಕಾಳೇಗೌಡರ ತಂದೆ ಯಾರು ಅನ್ನುವುದು ಪ್ರಶ್ನೆ. ಜೆನಿಯ ಮರದಲ್ಲಿ ಬೋರೇಗೌಡ. ಇನ್ನೆರಡು ಜಾಲತಾಣದಲ್ಲೂ ಬೋರೇಗೌಡ. ವಂಶವೃಕ್ಷ ಪತ್ರದಲ್ಲೂ ಬೋರೇಗೌಡ. ಹಳೇ ಮ್ಯುಟೇಶನ್ನಿನಲ್ಲಿ 'ಕಾಳೇಗೌಡ ಬಿನ್ ನಿಂಗೇಗೌಡ'. ಅಜ್ಜಿಯ ಬಾಯಲ್ಲೂ ನಿಂಗೇಗೌಡ.

ನಾಲ್ಕಕ್ಕೆ ಎರಡು ಅಂತ ಎಣಿಸಿದರೆ ಬೋರೇಗೌಡ ಗೆಲ್ಲುತ್ತಾನೆ. ಹಾಗೆ ಎಣಿಸಬಾರದು. ಮೂರು ಜಾಲತಾಣದ ಮರಗಳನ್ನೂ ಹಾಕಿದ್ದು ಒಬ್ಬರೇ, ಅದೂ ವಂಶವೃಕ್ಷ ಪತ್ರ ನೋಡಿಕೊಂಡು ಅಂತಾದರೆ ನಾಲ್ಕೂ ಸೇರಿ ಒಂದೇ ಸಾಕ್ಷಿ. ಮ್ಯುಟೇಶನ್ ಆ ಕಾಲದ್ದು, ಅಜ್ಜಿ ಅದನ್ನು ನೋಡಿದವರಲ್ಲ. ಹಾಗಾಗಿ ಅವು ಎರಡು ಬೇರೆ ಬೇರೆ ಸಾಕ್ಷಿ. ನಿಂಗೇಗೌಡನ ಕಡೆಗೇ ತೂಕ.

ಆದರೂ ಬೋರೇಗೌಡನನ್ನು ಅಳಿಸಿ ಹಾಕಬೇಡಿ. ಒಬ್ಬರಿಗೇ ಎರಡು ಹೆಸರಿದ್ದಿರಬಹುದು, ಹಳೇ ಕಾಗದಗಳಲ್ಲಿ 'ಉರುಫ್' ಅಂತ ಬರುತ್ತದೆ. ದತ್ತು ಹೋಗಿದ್ದಿರಬಹುದು. ಅದೇ ಊರಲ್ಲಿ ಇನ್ನೊಬ್ಬ ಕಾಳೇಗೌಡ ಇದ್ದಿರಬಹುದು. ಮರದಲ್ಲಿ ನಿಂಗೇಗೌಡ ಅಂತ ಬರೆದು, ಪಕ್ಕದಲ್ಲಿ ಬೋರೇಗೌಡ ಅನ್ನುವ ಮಾತೂ ಇದೆ, ಅದು ಎಲ್ಲಿಂದ ಬಂತು ಅಂತ ಒಂದು ಸಾಲು ಸೇರಿಸಿ.

ಉಲ್ಲೇಖ ಬರೆಯುವ ರೀತಿ

'ಮೂಲ: ಭೂಮಿ' ಅಂತ ಬರೆದರೆ ಉಲ್ಲೇಖ ಆಗಲಿಲ್ಲ. ಸೋದರಮಾವನ ಮಗ ಹತ್ತು ವರ್ಷದ ಮೇಲೆ ಅದೇ ಹಾಳೆಗೆ ತಲುಪಬೇಕು. ಪಹಣಿಗಾದರೆ ಹೀಗೆ: ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರು, ಹಿಸ್ಸಾ (ಭಾಗದ) ನಂಬರು, ಯಾವ ಸಾಲಿನ ಪಹಣಿ, ಉದಾಹರಣೆಗೆ 1978–79, ಎಷ್ಟನೇ ಕಲಂ, ಎಂ.ಆರ್. ನಂಬರು, ಕೈಬರಹದ ನಕಲೋ ಜಾಲತಾಣದ ಪ್ರತಿಯೋ, ಪಡೆದ ತಾರೀಖು. ಹೆಸರನ್ನು ಅಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಕಾಗುಣಿತ ತಿದ್ದಬೇಡಿ.

ಹಿರಿಯರ ಮಾತಿಗೆ: ಹೇಳಿದವರು, ಅವರ ವಯಸ್ಸು, ನಮಗೆ ಏನಾಗಬೇಕು, ಎಲ್ಲಿ, ಯಾವ ದಿನ, ಅವರಿಗೆ ಹೇಗೆ ಗೊತ್ತು. ಧ್ವನಿ ಮುದ್ರಿಸಿದ್ದರೆ ಫೈಲ್ ಯಾರ ಬಳಿ ಇದೆ ಅನ್ನುವುದನ್ನೂ ಸೇರಿಸಿ.

ಜಾಲತಾಣದ ಪುಟಕ್ಕೆ ಬರೀ ಲಿಂಕ್ ಸಾಲದು, ಅದು ಯಾವಾಗ ಬೇಕಾದರೂ ಸಾಯುತ್ತದೆ. ಪುಟದ ಹೆಸರು, ಬರೆದವರು, ನೋಡಿದ ದಿನ ಬರೆದು, ಆ ಪುಟವನ್ನು ಜಾಲಪುಟಗಳ ಪ್ರತಿ ಕಾದಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ. ಪಹಣಿಯಂತೆ ಹುಡುಕಿದಾಗ ಮಾತ್ರ ತೆರೆಯುವ ಪುಟಗಳು ಅದರಲ್ಲಿ ಉಳಿಯುವುದಿಲ್ಲ. ಅವನ್ನು ಪಿಡಿಎಫ್ ಮಾಡಿಕೊಳ್ಳಿ.

ಜಿಲ್ಲೆಯ ಹೆಸರಲ್ಲಿ ಹುಷಾರು. ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕಿಂತ ಹಿಂದಿನದು ಮೈಸೂರು ಜಿಲ್ಲೆಯ ಕೆಳಗೆ ಇರುತ್ತದೆ. ಪಾಂಡವಪುರ ಹಳೇ ಇಂಗ್ಲಿಷ್ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್. ಕೃಷ್ಣರಾಜಪೇಟೆ ಮೊದಲು ಅತ್ತಿಕುಪ್ಪೆ. ಹಳೇ ಹೆಸರು, ಈಗಿನ ಹೆಸರು ಎರಡನ್ನೂ ಬರೆಯಿರಿ.

ಯಾರಿಗೆ ಯಾವುದು

ದುಡ್ಡು ಖರ್ಚು ಮಾಡಲು ಮನಸ್ಸಿಲ್ಲ, ಮನೆಯಿಂದಲೇ ಆಗಬೇಕು ಅನ್ನುವವರಿಗೆ ಭೂಮಿ, 2002ರ ಮತದಾರರ ಪಟ್ಟಿ, ಹಿರಿಯರಿಗೆ ಫೋನು. ಇಷ್ಟರಲ್ಲೇ ಮೂರು ನಾಲ್ಕು ತಲೆಮಾರು ಬರಬಹುದು.

ನೂರು ವರ್ಷ ಹಿಂದೆ ಹೋಗಬೇಕು ಅನ್ನುವವರು ತಾಲ್ಲೂಕು ರೆಕಾರ್ಡ್ ರೂಂ, ಮೈಸೂರಿನ ವಿಭಾಗೀಯ ಪತ್ರಾಗಾರದ ಓಡಾಟಕ್ಕೆ ತಯಾರಾಗಬೇಕು. ಶ್ಯಾನುಭೋಗರು, ಪಟೇಲರ ಮನೆತನದವರಿಗೆ ಇಲ್ಲಿ ಅದೃಷ್ಟ ಜಾಸ್ತಿ. ಆ ಹುದ್ದೆಗಳು ವಂಶದಿಂದ ವಂಶಕ್ಕೆ ಬರುತ್ತಿದ್ದವು, ಹಾಗಾಗಿ ಯಾರ ನಂತರ ಯಾರು ಅಂತ ಬರೆದಿಡುತ್ತಿದ್ದರು.

ಮದುವೆಗೆ ಬೆಡಗು, ಗೋತ್ರ ನೋಡುವವರಿಗೆ ಮನೆದೇವರ ಪೂಜಾರಿ, ಹೆಳವರು, ಹಿರಿಯರು ಸಾಕು. ಅದಕ್ಕಾಗಿ ಚಂದಾ ಕಟ್ಟಬೇಡಿ.

ಆಸ್ತಿ ವ್ಯಾಜ್ಯ ಇರುವವರು ಜಾಲತಾಣದ ಯಾವ ಪ್ರತಿಯನ್ನೂ ನಂಬಿ ಕೂರಬೇಡಿ. ದೃಢೀಕೃತ ನಕಲು ತೆಗೆದುಕೊಂಡು ವಕೀಲರ ಬಳಿ ಹೋಗಿ.

ಜಮೀನೇ ಇಲ್ಲದಿದ್ದ ಕುಟುಂಬಗಳಿಗೆ ದಾರಿ ಕಷ್ಟ. ಪಹಣಿಯ ಸಾಗುವಳಿದಾರರ ಕಲಂ ನೋಡಿ, ಗೇಣಿಗೆ ಮಾಡುತ್ತಿದ್ದರೆ ಅಲ್ಲಿ ಹೆಸರಿರಬಹುದು. ಸರ್ಕಾರಿ ಮಂಜೂರಾತಿ ಆಗಿದ್ದರೆ ಸಾಗುವಳಿ ಚೀಟಿ ಹುಡುಕಿ. ಇಲ್ಲದಿದ್ದರೆ ಶಾಲೆಯ ದಾಖಲಾತಿ ಪುಸ್ತಕ ಮತ್ತು ಹಿರಿಯರ ಮಾತೇ ಆಧಾರ. ಮಾತು ಮುದ್ರಿಸಿಕೊಳ್ಳುವುದನ್ನು ಮುಂದಿನ ಹಬ್ಬಕ್ಕೆ ಅಂತ ಮುಂದೂಡಬೇಡಿ.

ಕನ್ನಂಬಾಡಿ ಕಟ್ಟೆಯಲ್ಲಿ ಊರು ಮುಳುಗಿದವರಿಗೆ ಸರ್ವೆ ನಂಬರಿನ ಎಳೆ ಅಲ್ಲೇ ಕಡಿಯುತ್ತದೆ. ಹೊಸ ಊರಿನಲ್ಲಿ ಜಮೀನು ಹೇಗೆ ಬಂತು ಅನ್ನುವ ಕಡತದಿಂದ ಹಿಂದಕ್ಕೆ ಹೋಗಬೇಕು. ಕೊಳ್ಳೇಗಾಲದ ಕಡೆಯಿಂದ ಬಂದ ನೆಂಟಸ್ತನ ಇದ್ದರೆ ಇನ್ನೊಂದು ವಿಷಯ ನೆನಪಿಡಿ: 1956ರ ತನಕ ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಳೇ ಕಾಗದ ಮೈಸೂರಿನಲ್ಲಿ ಸಿಗದಿದ್ದರೆ ತಮಿಳುನಾಡಿನ ಕಡೆ ವಿಚಾರಿಸಬೇಕಾಗುತ್ತದೆ. ತಮಿಳು ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.